ಶುಗರ್ ಇದ್ದವರಿಗೆ ಕರುಳಿನ ಕ್ಯಾನ್ಸರ್ ಬಂದರೆ ಬದುಕುಳಿಯುವುದು ಕಷ್ಟವಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಶಿಡ್ಲಘಟ್ಟ. ನಮ್ಮಪ್ಪನಿಗೆ 62 ವರ್ಷ, ರೇಷ್ಮೆ ನೂಲು ಬಿಚ್ಚುವ ಕೆಲಸ. 14 ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತಗೊಳ್ತಾರೆ. ಒಂದು ವರ್ಷದಿಂದ ಸುಸ್ತು ಅಂತಿದ್ದರು. ಶುಗರ್ ಇದ್ದವರಿಗೆ ಸುಸ್ತು ಇದ್ದದ್ದೇ ಅಂತ ನಾವೂ ಸುಮ್ಮನಿದ್ದೆವು. ಕೊನೆಗೆ ರಕ್ತ ಕಡಿಮೆ ಅಂತ ಗೊತ್ತಾಗಿ, ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಸಿಕ್ಕಿತು. ಮೂರು ಬಾಟಲಿ ರಕ್ತ ಕೊಟ್ಟು ಬೆಂಗಳೂರಿನಲ್ಲಿ ಆಪರೇಷನ್ ಮಾಡಿದರು. ಈಗ ಐದು ವಾರ ಆಯಿತು. ರಿಪೋರ್ಟಿನಲ್ಲಿ ಮೂರನೇ ಹಂತ, ಟಿ3 ಎನ್1, ಕರುಳಿನ ಪಕ್ಕದ ಎರಡು ದುಗ್ಧ ಗ್ರಂಥಿಗಳಲ್ಲಿ ಇದೆ ಅಂತ ಬಂದಿದೆ. ಕೀಮೋ ಬೇಕು ಅಂದಿದ್ದಾರೆ. ಮನೆಯಲ್ಲಿ ಚೆಕ್ ಮಾಡಿದರೆ ಶುಗರ್ 250, 280 ಬರ್ತಿದೆ. ಆದರೆ ಮೂರು ತಿಂಗಳ ಶುಗರ್ 6.8 ಬಂದಿದೆ. ಇನ್ಸುಲಿನ್ ಶುರು ಮಾಡಿ ಅಂದರು. ಇನ್ಸುಲಿನ್ ಕ್ಯಾನ್ಸರ್ ಬೆಳೆಸುತ್ತೆ ಅಂತ ನೆಂಟರು ತಡೆದರು. ಮೆಟ್‌ಫಾರ್ಮಿನ್ ಡಬಲ್ ಮಾಡಿದರೆ ಕ್ಯಾನ್ಸರ್ ಹೋಗುತ್ತೆ ಅಂತ ನನ್ನ ಭಾವನ ಮೊಬೈಲಿಗೆ ಮೆಸೇಜ್ ಬಂದಿದೆ. ಅನ್ನ, ಹಣ್ಣು, ಹಾಲು ಎಲ್ಲಾ ಬಿಡಿಸಿ ಬರೀ ಮುದ್ದೆ ಕೊಡ್ತಿದ್ದೇವೆ. 9 ಕೆಜಿ ಇಳಿದಿದ್ದಾರೆ. ಶುಗರ್ ಇರೋರು ಕೀಮೋ ತಡೆಯೋದಿಲ್ಲ, ಶುಗರ್ ಪೂರ್ತಿ ಕಂಟ್ರೋಲ್ ಆದಮೇಲೆ ನೋಡೋಣ ಅಂತ ಅಪ್ಪ ಹೇಳ್ತಿದ್ದಾರೆ. ನಿಜ ಹೇಳಿ, ಶುಗರ್ ಇರುವುದರಿಂದ ಅವರು ಉಳಿಯೋ ಅವಕಾಶ ಕಡಿಮೆನಾ?

ಉತ್ತರ: ನೀವು ನಿಜ ಹೇಳಿ ಅಂದಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಹೌದು, ಸ್ವಲ್ಪ ಕಡಿಮೆ. ಆದರೆ ನೆಂಟರು ಹೆದರಿಸುತ್ತಿರುವಷ್ಟಲ್ಲ. ಆ ಕಡಿಮೆಯಾಗುವುದರಲ್ಲಿ ಒಂದು ಪಾಲು ನಾವು ಸರಿಪಡಿಸಿಕೊಳ್ಳಬಹುದಾದದ್ದು. ಇಷ್ಟೆಲ್ಲಾ ಪ್ರಶ್ನೆಗಳ ನಡುವೆ ತುರ್ತಾಗಿ ಆಗಬೇಕಾದದ್ದು ಒಂದೇ, ಕೀಮೋ ಮುಂದೂಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಅಂಕಿ ನೋಡೋಣ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದ ಒಂದು ವಿಶ್ಲೇಷಣೆ 2013ರಲ್ಲಿ ಬಂತು. ಕರುಳಿನ ಕ್ಯಾನ್ಸರ್ ಇರುವವರಲ್ಲಿ ಶುಗರ್ ಕೂಡ ಇದ್ದರೆ ಯಾವುದೇ ಕಾರಣದಿಂದ ಸಾಯುವ ಅಪಾಯ ಶೇ. 17ರಷ್ಟು ಜಾಸ್ತಿ, ಕ್ಯಾನ್ಸರಿನಿಂದಲೇ ಸಾಯುವ ಅಪಾಯ ಶೇ. 12ರಷ್ಟು ಜಾಸ್ತಿ ಅಂತ ಅದರಲ್ಲಿ ಕಂಡಿತು. ಶೇ. 17 ಅಂದರೆ 100ಕ್ಕೆ 17 ಜನ ಜಾಸ್ತಿ ಸಾಯುತ್ತಾರೆ ಅಂತಲ್ಲ. ಇಷ್ಟು ವರ್ಷದಲ್ಲಿ ಶುಗರ್ ಇಲ್ಲದ 100 ರೋಗಿಗಳಲ್ಲಿ 30 ಜನ ತೀರಿಕೊಂಡರು ಅಂತ ಇಟ್ಟುಕೊಳ್ಳಿ. ಶುಗರ್ ಇರುವ 100 ಜನರಲ್ಲಿ ಅದು ಸುಮಾರು 35 ಆಗುತ್ತದೆ. ವ್ಯತ್ಯಾಸ ಇದೆ. ಆದರೆ 'ಶುಗರ್ ಇರೋರು ಉಳಿಯೋದಿಲ್ಲ' ಅನ್ನುವ ಮಾತಿಗೂ ಇದಕ್ಕೂ ಬಹಳ ದೂರ.

ಇದಕ್ಕಿಂತ ಕಟುವಾದ ಅಂಕಿಯೂ ಒಂದಿದೆ, ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಎರಡನೇ ಮತ್ತು ಮೂರನೇ ಹಂತದ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಕೀಮೋ ತೆಗೆದುಕೊಂಡ 3,759 ಜನರ ವಿವರ 2003ರಲ್ಲಿ ಪ್ರಕಟವಾಯಿತು. ಐದು ವರ್ಷದ ನಂತರ ಶುಗರ್ ಇಲ್ಲದವರಲ್ಲಿ ಶೇ. 66ರಷ್ಟು, ಶುಗರ್ ಇದ್ದವರಲ್ಲಿ ಶೇ. 57ರಷ್ಟು ಜನ ಬದುಕಿದ್ದರು. ಆದರೆ ಅವರೆಲ್ಲ 1990ರ ಆಸುಪಾಸಿನಲ್ಲಿ ಚಿಕಿತ್ಸೆ ಪಡೆದವರು. ಈಗಿನ ಕೀಮೋ ಆಗ ಇರಲಿಲ್ಲ, ಈಗಿನ ಶುಗರ್ ಔಷಧಗಳಲ್ಲಿ ಎಷ್ಟೋ ಆಗ ಹುಟ್ಟಿಯೇ ಇರಲಿಲ್ಲ. ಆ ಅಧ್ಯಯನದಲ್ಲಿ ನಾನು ಮುಖ್ಯ ಅಂದುಕೊಳ್ಳುವುದು ಬೇರೆ ಒಂದು ಅಂಕಿ. ಕೀಮೋದಿಂದ ಜೋರು ಭೇದಿ ಆದವರು ಶುಗರ್ ಇಲ್ಲದವರಲ್ಲಿ ಶೇ. 20, ಶುಗರ್ ಇದ್ದವರಲ್ಲಿ ಶೇ. 29. ನಿಮ್ಮ ಮನೆಯಲ್ಲಿ ಎಚ್ಚರದಿಂದ ಗಮನಿಸಬೇಕಾದದ್ದು ಅದನ್ನೇ.

ಶುಗರ್ ಯಾಕೆ ಅಡ್ಡ ಬರುತ್ತದೆ? ಟೈಪ್ 2 ಶುಗರ್ ಇರುವವರ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ದೇಹವೇ ವರ್ಷಗಟ್ಟಲೆ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿಸುತ್ತಿರುತ್ತದೆ. ಇನ್ಸುಲಿನ್ನಿಗೆ ಜೀವಕೋಶಗಳನ್ನು ಬೆಳೆಯಲು ಹೇಳುವ ಗುಣವೂ ಇದೆ. ಹೊಟ್ಟೆಯ ಸುತ್ತ ಬೊಜ್ಜು, ಒಳಗೊಳಗೇ ಸದಾ ಇರುವ ಸಣ್ಣ ಉರಿಯೂತ, ಇವೂ ಜೊತೆ ಸೇರುತ್ತವೆ. ಶುಗರ್ ಇರುವವರಿಗೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆಯೇ ಸ್ವಲ್ಪ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ. ಇದು ದೇಹದ ಒಳಗಿನ ಸಂಗತಿ, ಈಗ ಹಿಂದೆ ಹೋಗಿ ಸರಿ ಮಾಡಲು ಆಗುವುದಿಲ್ಲ.

ಉಳಿದ ಕಾರಣಗಳು ದೇಹದ ಹೊರಗಿವೆ. ಒಂದನ್ನು ನೀವೇ ಬರೆದಿದ್ದೀರಿ. ವರ್ಷವಿಡೀ ಸುಸ್ತು, ಅದನ್ನು ಶುಗರಿನ ಲೆಕ್ಕಕ್ಕೆ ಹಾಕಿದಿರಿ. ನಿಮ್ಮನ್ನು ದೂರುತ್ತಿಲ್ಲ, ಡಾಕ್ಟರುಗಳೂ ಹೀಗೇ ಮಾಡುತ್ತಾರೆ. ಮಲಬದ್ಧತೆ ಆದರೆ ಶುಗರಿನಿಂದ ನರ ದುರ್ಬಲ ಆಗಿದೆ ಅನ್ನುತ್ತಾರೆ. ಭೇದಿ ಆದರೆ ಮೆಟ್‌ಫಾರ್ಮಿನ್ ಅನ್ನುತ್ತಾರೆ. ರಕ್ತ ಹೋದರೆ ಮೂಲವ್ಯಾಧಿ ಅಂತ ನಾಟಿ ಔಷಧಿಗೆ ಹೋಗುತ್ತಾರೆ. ಬಲಭಾಗದ ಕರುಳಿನ ಕ್ಯಾನ್ಸರ್ ಇನ್ನೂ ಮೋಸದ್ದು. ರಕ್ತ ಕಣ್ಣಿಗೆ ಕಾಣುವ ಹಾಗೆ ಹೋಗದೆ, ದಿನಾ ಚೂರು ಚೂರು ಸೋರಿ ಮಲದಲ್ಲಿ ಬೆರೆತುಹೋಗುತ್ತದೆ. ಕಾಣುವುದು ಸುಸ್ತು ಮಾತ್ರ. 50 ದಾಟಿದ ಗಂಡಸಿನಲ್ಲಿ ಕಬ್ಬಿಣಾಂಶದ ಕೊರತೆಯಿಂದ ರಕ್ತ ಕಡಿಮೆಯಾಗಿದ್ದರೆ ಕರುಳು ನೋಡಲೇಬೇಕು, ಶುಗರ್ ಇರಲಿ ಇಲ್ಲದಿರಲಿ.

ಇನ್ನೊಂದು, ಚಿಕಿತ್ಸೆಯನ್ನು ತೆಳ್ಳಗೆ ಮಾಡುವುದು. ಶುಗರ್ ಇದೆ, ತಡೆಯಲ್ಲ ಅಂತ ಮೊದಲೇ ಡೋಸ್ ಇಳಿಸುವುದು, ಎರಡು ಸೈಕಲ್ (ಕೀಮೋದ ಒಂದೊಂದು ಸುತ್ತಿಗೆ ಸೈಕಲ್ ಅನ್ನುತ್ತಾರೆ) ಆದಮೇಲೆ ಬಿಟ್ಟುಬಿಡುವುದು, ಶುಗರ್ ಇಳಿಯಲಿ ಅಂತ ಕಾಯುವುದು. ಇದರ ಜೊತೆಗೆ ಸೋಂಕು, ಹೃದಯ, ಕಿಡ್ನಿ. ಕರುಳಿನ ಕ್ಯಾನ್ಸರ್ ಗೆದ್ದು ಹಾರ್ಟ್ ಅಟ್ಯಾಕಿನಲ್ಲಿ ಹೋದವರೂ ಮೇಲಿನ ಆ ಶೇ. 17ರಲ್ಲೇ ಸೇರಿದ್ದಾರೆ. ಹಾಗಾಗಿ ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ 'ಈಗ ಕ್ಯಾನ್ಸರ್ ಇದೆಯಲ್ಲ, ಅದ್ಯಾಕೆ' ಅಂತ ನಿಲ್ಲಿಸಬೇಡಿ.

ಈಗ ಆ 6.8ರ ವಿಷಯಕ್ಕೆ ಬರೋಣ. ಮನೆಯ ಮಿಷನ್ 280 ಹೇಳುತ್ತಿದೆ, ಮೂರು ತಿಂಗಳ ಶುಗರ್ 6.8 ಅನ್ನುತ್ತಿದೆ. ಈ ಸಲ ನಂಬಬೇಕಾದದ್ದು ಮನೆಯ ಮಿಷನ್ನನ್ನು. ಮೂರು ತಿಂಗಳ ಶುಗರ್ ಅನ್ನುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಅಂತ. ನಿಮ್ಮ ತಂದೆಯವರ ಕಣಗಳಲ್ಲಿ ಒಂದು ಪಾಲು ಕರುಳಿನಲ್ಲಿ ಸೋರಿಹೋಯಿತು. ಆಮೇಲೆ ಮೂರು ಬಾಟಲಿ ಬೇರೆಯವರ ರಕ್ತ ಸೇರಿತು. ಹೊಸ ಕಣಗಳಿಗೆ ಸಕ್ಕರೆ ಅಂಟಲು ಸಮಯವೇ ಸಿಕ್ಕಿಲ್ಲ. 6.8 ಅನ್ನುವುದರಲ್ಲಿ ಆ ದಾನಿಗಳ ಪಾಲೂ ಇದೆ! ರಕ್ತ ಹಾಕಿಸಿಕೊಂಡ ಮೇಲೆ ಮೂರು ತಿಂಗಳು ಆ ಪರೀಕ್ಷೆಯ ಮೇಲೆ ಭರವಸೆ ಬೇಡ. ಇದರ ಉಲ್ಟಾ ಕೂಡ ಆಗುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿಯೇ ತೋರಿಸಬಹುದು. ಸದ್ಯಕ್ಕೆ ಬೆರಳು ಚುಚ್ಚಿ ನೋಡಿದ್ದೇ ಲೆಕ್ಕ. ಒಂದು ಪುಸ್ತಕದಲ್ಲಿ ತಾರೀಖು, ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೆಯೋ, ಎಷ್ಟು ಬಂತು ಅಂತ ಬರೆದಿಡಿ.

ಇನ್ಸುಲಿನ್ ಕ್ಯಾನ್ಸರ್ ಬೆಳೆಸುತ್ತಾ? ಈ ಭಯ ಪೂರ್ತಿ ಗಾಳಿಮಾತಲ್ಲ, ಅದಕ್ಕೇ ಜನ ನಂಬುತ್ತಾರೆ. ಗ್ಲಾರ್ಜಿನ್ ಅನ್ನುವ ಇನ್ಸುಲಿನ್ ಬಗ್ಗೆ 2009ರಲ್ಲಿ ಯುರೋಪಿನ ಕೆಲವು ಅಧ್ಯಯನಗಳು ಅನುಮಾನ ಎತ್ತಿದ್ದವು. ಆಮೇಲೆ 12,500ಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅದೇ ಇನ್ಸುಲಿನ್ ಕೊಟ್ಟು ಆರು ವರ್ಷದಷ್ಟು ಕಾಲ ಗಮನಿಸಿದರು. 2012ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಎರಡೂ ಗುಂಪಿನಲ್ಲಿ ಒಂದೇ ಸಮ. ನಿಮ್ಮ ತಂದೆಯವರಿಗೆ ಇನ್ಸುಲಿನ್ ಕೊಡದಿದ್ದರೆ ಏನಾಗುತ್ತದೆ ಅನ್ನುವುದರಲ್ಲಿ ಮಾತ್ರ ಯಾವ ಅನುಮಾನವೂ ಇಲ್ಲ. 280ರ ಶುಗರಿನಲ್ಲಿ ಗಾಯ ಮಾಯುವುದು ನಿಧಾನ, ಬಿಳಿ ರಕ್ತಕಣಗಳು ಸರಿಯಾಗಿ ಹೋರಾಡುವುದಿಲ್ಲ, ಮಾಂಸ ಕರಗುತ್ತದೆ. 9 ಕೆಜಿ ಇಳಿದಿರುವುದು ಕ್ಯಾನ್ಸರ್ ಒಂದರಿಂದಲೇ ಅಂತ ನನಗನಿಸುವುದಿಲ್ಲ. ಕೀಮೋ ನಡೆಯುವಾಗ ಶುಗರ್ ಹಿಡಿತಕ್ಕೆ ತರಲು ಇನ್ಸುಲಿನ್ನಿನಷ್ಟು ಸಲೀಸಾದ ಔಷಧ ಬೇರೆ ಇಲ್ಲ. ಇವತ್ತು ಊಟ ಸೇರಲಿಲ್ಲ ಅಂದರೆ ಇವತ್ತೇ ಕಡಿಮೆ ಮಾಡಬಹುದು. ಕೀಮೋ ಮುಗಿದ ಮೇಲೆ ಎಷ್ಟೋ ಜನ ಮತ್ತೆ ಮಾತ್ರೆಗೇ ಬರುತ್ತಾರೆ. ಒಂದು ಸಲ ಹಾಕಿಸಿಕೊಂಡರೆ ಸಾಯೋವರೆಗೂ ಬಿಡಲ್ಲ ಅನ್ನುವ ಮಾತು ಎಲ್ಲರಿಗೂ ನಿಜವಲ್ಲ.

ಮೆಟ್‌ಫಾರ್ಮಿನ್ ತಗೊಳ್ಳುವವರು ಕ್ಯಾನ್ಸರ್ ಬಂದಾಗ ಸ್ವಲ್ಪ ಜಾಸ್ತಿ ಬದುಕುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿದ್ದು ನಿಜ. ತೊಂದರೆ ಏನೆಂದರೆ, ಅವು ಹಳೇ ದಾಖಲೆ ನೋಡಿ ಹಾಕಿದ ಲೆಕ್ಕ. ಕಿಡ್ನಿ, ಹೃದಯ ತೀರಾ ಕೆಟ್ಟವರಿಗೆ ಸಾಮಾನ್ಯವಾಗಿ ಮೆಟ್‌ಫಾರ್ಮಿನ್ ಕೊಡುವುದಿಲ್ಲ. ಅಂದಮೇಲೆ ಅದನ್ನು ತೆಗೆದುಕೊಳ್ಳುತ್ತಿರುವವರು ಮೊದಲೇ ಗಟ್ಟಿಯಾಗಿರುವವರು, ಅಲ್ವಾ? ಸ್ತನ ಕ್ಯಾನ್ಸರಿನಲ್ಲಿ ಸರಿಯಾದ ಕ್ರಮದಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಮೆಟ್‌ಫಾರ್ಮಿನ್‌ನಿಂದ ಕ್ಯಾನ್ಸರಿಗೆ ಲಾಭ ಇಲ್ಲ ಅಂತ 2022ರಲ್ಲಿ ತಿಳಿಯಿತು. ಕಿಡ್ನಿ ಸರಿ ಇದ್ದರೆ ಈಗ ಇರುವ ಡೋಸ್ ಮುಂದುವರಿಸಿ, ಅದು ಒಳ್ಳೆಯ ಶುಗರ್ ಮಾತ್ರೆ. ನೀವಾಗಿಯೇ ಡಬಲ್ ಮಾಡಬೇಡಿ. ಕೀಮೋದಿಂದ ವಾಂತಿ, ಭೇದಿ ಆಗಿ ದೇಹ ಒಣಗಿದಾಗ ಆ ಮಾತ್ರೆ ರಕ್ತದಲ್ಲಿ ಆಮ್ಲ ಏರಿಸಬಹುದು, ಅದು ಜೀವಕ್ಕೇ ಅಪಾಯ.

ಮೆಟ್‌ಫಾರ್ಮಿನ್ ಬಗ್ಗೆ ಯಾರೂ ನಿಮಗೆ ಹೇಳಿರದ ಸಂಗತಿ ಒಂದಿದೆ. ವರ್ಷಗಟ್ಟಲೆ ತಗೊಂಡರೆ ಕೆಲವರಿಗೆ ಬಿ12 ಕಡಿಮೆಯಾಗುತ್ತದೆ, ಅದರಿಂದ ಕೈಕಾಲು ಜೋಮು ಹಿಡಿಯುತ್ತದೆ. ಕೀಮೋಗೆ ಮುಂಚೆ ಬಿ12 ಒಂದು ನೋಡಿಸಿ. ಕಡಿಮೆ ಇದ್ದರೆ ಇಂಜೆಕ್ಷನ್ ಕೊಟ್ಟು ಸರಿಮಾಡಬಹುದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ನಿಮ್ಮ ತಂದೆಯವರ ಕಸುಬು.

ಅವರಿಗೆ ಕೊಡುವ ಕೀಮೋ ಬಹುಶಃ ಎರಡು ಔಷಧಗಳದ್ದು. ಆಕ್ಸಾಲಿಪ್ಲಾಟಿನ್ ಡ್ರಿಪ್, ಕೆಪೆಸಿಟಬಿನ್ ಮಾತ್ರೆ. ಮೂರು ವಾರಕ್ಕೊಂದು ಸೈಕಲ್. ಡ್ರಿಪ್ ಮೊದಲ ದಿನ, ಮಾತ್ರೆ 14 ದಿನ, ಆಮೇಲೆ ಒಂದು ವಾರ ಬಿಡುವು. ಆಕ್ಸಾಲಿಪ್ಲಾಟಿನ್ ನರಗಳನ್ನು ಕೆಡಿಸುತ್ತದೆ. ಮೊದಲು ತಣ್ಣೀರು ಮುಟ್ಟಿದರೆ ಶಾಕ್ ಹೊಡೆದ ಹಾಗೆ ಆಗುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಸೈಕಲ್ ಜಾಸ್ತಿಯಾದಂತೆ ಬೆರಳ ತುದಿ ಮರಗಟ್ಟಿ ಹಾಗೇ ಉಳಿಯಬಹುದು. ಔಷಧ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಅದು ಏರುತ್ತಲೇ ಇರಬಹುದು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಣ್ಣಿಗೂ ಸರಿಯಾಗಿ ಕಾಣದ ಎಳೆಯನ್ನು ಬೆರಳ ತುದಿಯಲ್ಲೇ ಹುಡುಕಿ ಹಿಡಿಯುವವರು ಅವರು. ಶರ್ಟಿನ ಗುಂಡಿ ಹಾಕಲು ಕಷ್ಟ ಅನ್ನುವುದು ಬೇರೆಯವರಿಗೆ ಕಿರಿಕಿರಿ, ಇವರಿಗೆ ಅನ್ನದ ಪ್ರಶ್ನೆ. ಜೊತೆಗೆ ಮರಗಟ್ಟಿದ ಕೈಗೆ ನೀರು ಎಷ್ಟು ಬಿಸಿ ಅಂತ ಗೊತ್ತಾಗುವುದಿಲ್ಲ, ಬೆಂದುಹೋದ ಮೇಲೆ ಗೊತ್ತಾಗುತ್ತದೆ. ಶುಗರ್ ಇದ್ದವರ ಸುಟ್ಟಗಾಯ ಎಷ್ಟು ದಿನ ಕಾಡುತ್ತದೆ ಅಂತ ನಿಮಗೇ ಗೊತ್ತು.

ಆದ್ದರಿಂದ ಕೀಮೋ ಎಷ್ಟು ತಿಂಗಳು ಅನ್ನುವುದನ್ನು ಡಾಕ್ಟರ ಹತ್ತಿರ ಕೂತು ಮಾತಾಡಿ. ಟಿ3 ಎನ್1 ಅಂದರೆ ಗಡ್ಡೆ ಕರುಳಿನ ಗೋಡೆಯ ಸ್ನಾಯು ದಾಟಿದೆ, ಒಂದರಿಂದ ಮೂರು ಗ್ರಂಥಿಗಳಿಗೆ ಹರಡಿದೆ ಅಂತ. ಇದು ಮೂರನೇ ಹಂತದಲ್ಲಿ ಕಡಿಮೆ ಅಪಾಯದ ಗುಂಪು. 2018ರಲ್ಲಿ ಪ್ರಕಟವಾದ, ರೋಗಿಗಳ ಮೇಲೆ ನಡೆದ ಆರು ಚಿಕಿತ್ಸಾ ಪ್ರಯೋಗಗಳನ್ನು ಕೂಡಿಸಿದ ದೊಡ್ಡ ಅಧ್ಯಯನ ಒಂದಿದೆ. ಈ ಗುಂಪಿನವರಿಗೆ ಮೂರು ತಿಂಗಳು ಕೊಟ್ಟರೂ ಆರು ತಿಂಗಳು ಕೊಟ್ಟರೂ, ಮೂರು ವರ್ಷದ ನಂತರ ಕ್ಯಾನ್ಸರ್ ಮರಳದೆ ಬದುಕಿದ್ದವರು 100ರಲ್ಲಿ ಸುಮಾರು 83. ಮೂರು ತಿಂಗಳ ಚಿಕಿತ್ಸೆಗೆ ನಾನು ಮೇಲೆ ಹೇಳಿದ ಡ್ರಿಪ್ ಮತ್ತು ಮಾತ್ರೆಯ ಜೋಡಿಯೇ ಚೆನ್ನಾಗಿ ಹೊಂದಿತು. ನರದ ತೊಂದರೆ ಮಾತ್ರ ಬಹಳ ಬೇರೆ. ದಿನದ ಕೆಲಸಕ್ಕೆ ಅಡ್ಡಿಯಾಗುವಷ್ಟು ಜೋಮು ಆರು ತಿಂಗಳಲ್ಲಿ 100ಕ್ಕೆ ಸುಮಾರು 45 ಜನರಿಗೆ, ಮೂರು ತಿಂಗಳಲ್ಲಿ ಸುಮಾರು 15 ಜನರಿಗೆ. ನನ್ನ ರೋಗಿಯಾಗಿದ್ದರೆ ನಾಲ್ಕು ಸೈಕಲ್, ಅಂದರೆ ಮೂರು ತಿಂಗಳು ಸಾಕು ಅನ್ನುತ್ತಿದ್ದೆ. ಈಗಾಗಲೇ ಪಾದ ಜೋಮು ಇದ್ದರೆ ಡ್ರಿಪ್ ಬಿಟ್ಟು ಆರು ತಿಂಗಳು ಮಾತ್ರೆ ಒಂದನ್ನೇ ಕೊಡುವ ದಾರಿಯೂ ಇದೆ. ಅದಕ್ಕೂ ಬೆಲೆ ಇದೆ. ಹಳೆಯ ದೊಡ್ಡ ಪರೀಕ್ಷೆಯಲ್ಲಿ ಮೂರನೇ ಹಂತದವರಿಗೆ ಈ ಡ್ರಿಪ್ ಸೇರಿಸಿದ್ದರಿಂದ ಆರು ವರ್ಷದಲ್ಲಿ 100ಕ್ಕೆ ಸುಮಾರು 4 ಜನ ಹೆಚ್ಚಾಗಿ ಬದುಕಿದ್ದರು. ಆ ನಾಲ್ಕು ದೊಡ್ಡದೋ, ಬೆರಳು ದೊಡ್ಡದೋ ಅಂತ ನಾನಾಗಲಿ ನೀವಾಗಲಿ ತೀರ್ಮಾನ ಮಾಡುವಂತಿಲ್ಲ, ಅವರನ್ನೇ ಕೇಳಿ. ತಮ್ಮ ಕೆಲಸ ಏನು ಅಂತ ಎಷ್ಟೋ ಜನ ಡಾಕ್ಟರಿಗೆ ಹೇಳುವುದೇ ಇಲ್ಲ. ನೀವು ಮೊದಲ ದಿನವೇ ಹೇಳಿ.

ಯಾವುದೇ ದಾರಿ ಆಯ್ದುಕೊಂಡರೂ ಆಪರೇಷನ್ ಆಗಿ ಎಂಟು ವಾರದೊಳಗೆ ಶುರುವಾಗಬೇಕು. ತಡವಾದಷ್ಟೂ ಲಾಭ ಕಡಿಮೆ ಅನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. ನಿಮಗೆ ಐದು ವಾರ ಆಗಲೇ ಕಳೆದಿದೆ. 'ಪೂರ್ತಿ ಕಂಟ್ರೋಲ್' ಅಂತ ಕಾಯುತ್ತಾ ಕೂತರೆ ಆ ದಿನ ಬರುವುದಿಲ್ಲ. ಇನ್ಸುಲಿನ್ ಶುರು ಮಾಡಿದರೆ ಒಂದೆರಡು ವಾರದಲ್ಲಿ ಶುಗರನ್ನು ಕೀಮೋಗೆ ಸಾಕಾಗುವಷ್ಟು ಇಳಿಸಬಹುದು. ಊಟಕ್ಕೆ ಮುಂಚೆ 100ರಿಂದ 180ರ ಒಳಗೆ ಓಡಾಡುತ್ತಿದ್ದರೆ ನನಗೆ ಸಮಾಧಾನ. 70ಕ್ಕಿಂತ ಕೆಳಗೆ ಹೋಗಬಾರದು, ಈ ಹೊತ್ತಿನಲ್ಲಿ ಲೋ ಶುಗರ್ ಹೈ ಶುಗರಿಗಿಂತ ಬೇಗ ಅಪಾಯ ತರುತ್ತದೆ.

ಕೀಮೋ ದಿನ ವಾಂತಿ ಆಗದಿರಲಿ ಅಂತ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಡುತ್ತಾರೆ, ಒಂದೆರಡು ದಿನ ಮಾತ್ರೆಯಾಗಿಯೂ ಬರೆದುಕೊಡಬಹುದು. ಅದು ಶುಗರ್ ಏರಿಸುತ್ತದೆ, ಆದರೆ ಬೆಳಿಗ್ಗೆ ಅಲ್ಲ. ಖಾಲಿ ಹೊಟ್ಟೆಯಲ್ಲಿ ನೋಡಿದರೆ 130, ಸಂಜೆ ನಾಲ್ಕಕ್ಕೆ ನೋಡಿದರೆ 350. ಬೆಳಿಗ್ಗೆ ಮಾತ್ರ ನೋಡಿ ಸುಮ್ನೆ ಸಮಾಧಾನಪಟ್ಟುಕೊಳ್ಳುವವರು ತುಂಬಾ ಜನ. ಆ ಮೂರು ದಿನ ಮಧ್ಯಾಹ್ನ ಊಟವಾಗಿ ಎರಡು ಗಂಟೆಗೆ ಒಂದು ಸಲ, ರಾತ್ರಿ ಊಟಕ್ಕೆ ಮುಂಚೆ ಒಂದು ಸಲ ಚುಚ್ಚಿ ನೋಡಿ. ಸ್ಟೀರಾಯ್ಡ್ ಕಡಿಮೆ ಮಾಡಲು ಆಗುತ್ತದಾ ಅಂತ ಡಾಕ್ಟರನ್ನು ಕೇಳಿದರೆ ತಪ್ಪಿಲ್ಲ.

ವಾಂತಿ, ಭೇದಿ ಶುರುವಾಗಿ ಊಟ ನಿಂತರೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಅವತ್ತಿಗೆ ನಿಲ್ಲಿಸಿ. ಊಟ ಇಲ್ಲದೆ ಗ್ಲಿಮೆಪಿರೈಡ್ ನುಂಗಿದರೆ ಶುಗರ್ ದಿಢೀರನೆ ಇಳಿಯುತ್ತದೆ. ಇನ್ಸುಲಿನ್ ಮಾತ್ರ ಪೂರ್ತಿ ಬಿಡುವುದಕ್ಕೆ ಮುಂಚೆ ಫೋನ್ ಮಾಡಿ ಕೇಳಿ, ಎಷ್ಟು ಕಡಿಮೆ ಮಾಡಬೇಕು ಅಂತ ಹೇಳುತ್ತಾರೆ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಭೇದಿ ಆದರೆ ಕೆಪೆಸಿಟಬಿನ್ ಮಾತ್ರೆಯನ್ನೂ ನಿಲ್ಲಿಸಿ ಆಸ್ಪತ್ರೆಗೆ ತಿಳಿಸಿ, ನಾಳೆ ನೋಡೋಣ ಅನ್ನಬೇಡಿ. ಜ್ವರ 100.4 ದಾಟಿದರೆ ಅದು ರಾತ್ರಿ ಎರಡು ಗಂಟೆಯಾದರೂ ಹೊರಡಿ. ಬೆಂಗಳೂರಿಗೇ ಹೋಗಬೇಕು ಅಂತಿಲ್ಲ, ಮೊದಲ ಆಂಟಿಬಯೋಟಿಕ್ ಇಂಜೆಕ್ಷನ್ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲೇ ಆಗಲಿ. ಕೀಮೋ ಕಾರ್ಡ್ (ಕೀಮೋ ನಡೆಯುತ್ತಿದೆ ಅಂತ ಆಸ್ಪತ್ರೆ ಬರೆದುಕೊಡುವ ಕಾರ್ಡ್) ಮೇಜಿನ ಮೇಲೇ ಇರಲಿ, ಗೋದ್ರೇಜಿನಲ್ಲಿ ಬೀಗ ಹಾಕಿ ಇಡಬೇಡಿ. ಕೆಪೆಸಿಟಬಿನ್ ಅಂಗೈ ಅಂಗಾಲು ಕೆಂಪಾಗಿಸಿ ಸುಲಿಸುತ್ತದೆ. ಬಿಚ್ಚಾಣಿಕೆ ಜಾಗದ ಒದ್ದೆ ನೆಲದಲ್ಲಿ ಬರಿಗಾಲಿನ ಓಡಾಟ ಬೇಡ, ಬಿಸಿನೀರಿನ ಕೆಲಸವೂ ಕೀಮೋ ಮುಗಿಯುವವರೆಗೆ ಬೇಡ.

ಊಟದ ವಿಷಯದಲ್ಲಿ ಮಾತ್ರ ನಿಮ್ಮ ಮೇಲೆ ಸ್ವಲ್ಪ ಸಿಟ್ಟಿದೆ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುವುದಿಲ್ಲ. ತಿನ್ನದಿದ್ದರೆ ಲಿವರ್ ದೇಹದ ಮಾಂಸ ಕರಗಿಸಿ ತಾನೇ ಸಕ್ಕರೆ ತಯಾರಿಸುತ್ತದೆ. ಸೊರಗುವುದು ಅಪ್ಪ. ಇನ್ನು ರಾಗಿ. ನಮ್ಮ ಕಡೆ ರಾಗಿಯಲ್ಲಿ ಸಕ್ಕರೆ ಅಂಶವೇ ಇಲ್ಲ ಅನ್ನುವ ನಂಬಿಕೆ ಇದೆ. ನೂರು ಗ್ರಾಂ ರಾಗಿಯಲ್ಲಿ 70 ಗ್ರಾಮಿನ ಆಸುಪಾಸು ಪಿಷ್ಟವೇ ಇರುತ್ತದೆ, ಅಕ್ಕಿಗಿಂತ ತುಂಬಾ ಕಡಿಮೆಯೇನಲ್ಲ. ನಾರು, ಸುಣ್ಣದ ಅಂಶ ಜಾಸ್ತಿ ಅನ್ನುವುದು ನಿಜ, ಒಳ್ಳೆಯ ಧಾನ್ಯವೂ ಹೌದು. ಆದರೆ ದೊಡ್ಡ ದೊಡ್ಡ ಎರಡು ಮುದ್ದೆ, ತೆಳ್ಳಗಿನ ಸಾರು ಅಂದರೆ ಶುಗರೂ ಏರುತ್ತದೆ, ಮಾಂಸವೂ ಕರಗುತ್ತದೆ. ಮುದ್ದೆ ಸಣ್ಣದು ಮಾಡಿ, ಸಾರು ಗಟ್ಟಿ ಮಾಡಿ. ಬೇಳೆ, ಹುರುಳಿಕಾಳು, ಮೊಟ್ಟೆ, ಮೊಸರು, ಕೋಳಿ, ಮೀನು ಯಾವುದು ಮನೆಯಲ್ಲಿ ನಡೆಯುತ್ತದೋ ಅದು. 60 ಕೆಜಿ ತೂಕದವರಿಗೆ ದಿನಕ್ಕೆ 70ರಿಂದ 90 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ಹಾಲು ಬಿಡಿಸಿದ್ದು ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ಭೇದಿ ಆದ ದಿನ ಮಾತ್ರ ರಾಗಿ, ಹುರುಳಿ, ಸೊಪ್ಪು ಬಿಟ್ಟು ಮೆತ್ತಗಿನ ಅನ್ನ ಮಜ್ಜಿಗೆ ಕೊಡಿ. ಆ ಎರಡು ದಿನ ಅನ್ನದಿಂದ ಶುಗರ್ ಏರಿದರೆ ಇನ್ಸುಲಿನ್ ಇದೆಯಲ್ಲ.

ಕೀಮೋ ಮುಗಿದ ಮೇಲೆ ನಡಿಗೆ. ಇದನ್ನು ಉಪಚಾರಕ್ಕೆ ಹೇಳುವ ಮಾತು ಅಂದುಕೊಳ್ಳಬೇಡಿ. ಕರುಳಿನ ಕ್ಯಾನ್ಸರಿಗೆ ಕೀಮೋ ಮುಗಿಸಿದ 889 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2025ರಲ್ಲಿ ಬಂತು. ಮೂರು ವರ್ಷ ಒಬ್ಬರ ಮಾರ್ಗದರ್ಶನದಲ್ಲಿ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷದ ನಂತರ ಶೇ. 90ರಷ್ಟು ಜನ ಬದುಕಿದ್ದರು, ಬರೀ ಪುಸ್ತಕ ಕೊಟ್ಟು ಕಳಿಸಿದವರಲ್ಲಿ ಶೇ. 83. ವಾರಕ್ಕೆ ಮೂರು ನಾಲ್ಕು ಸಲ, 45 ನಿಮಿಷದಿಂದ ಒಂದು ಗಂಟೆ, ಬಿರುಸಿನ ನಡಿಗೆ. ಶುಗರಿಗೂ ಅದೇ ಔಷಧ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಕೀಮೋ ಕೂಡ ಅದರಲ್ಲಿ ಬರುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸೇರಿ ಯಾವ ಆಸ್ಪತ್ರೆಗೆ ಹೋದರೂ ಮೊದಲು ಯೋಜನೆಯ ಕೌಂಟರಿನಲ್ಲಿ ವಿಚಾರಿಸಿ. ಕಾರ್ಡಿನಲ್ಲಿರುವ ಹೆಸರು, ಆಧಾರ್ ಹೆಸರು ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಬಗ್ಗೆ. ತಂದೆಗೆ ಕರುಳಿನ ಕ್ಯಾನ್ಸರ್ ಬಂದಿದೆ ಅಂದಮೇಲೆ ನಿಮಗೂ, ನಿಮ್ಮ ಒಡಹುಟ್ಟಿದವರಿಗೂ 40 ವರ್ಷಕ್ಕೆ ಒಂದು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಆಗಬೇಕು. ತಂದೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರಿಗೆ ಈಗಲೇ. ಅವರಲ್ಲಿ ಶುಗರ್ ಇರುವವರು ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ಳುತ್ತಿದ್ದರೆ ಪರೀಕ್ಷೆಯ ದಿನ ಗೊತ್ತುಮಾಡುವಾಗಲೇ ಹೇಳಬೇಕು, ಅದನ್ನು ಮೂರು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ.